ಮಾವಿನ ಮರಕ್ಕೆ ಒಂದಿಂಚಿನ ಬೋಲ್ಟ್: ನನ್ನ ಅನುಭವ

ಎರಡು ಮಳೆಗಾಲ ಕಳೆದವು. ಗೋವಾದ ಕೆಪೆಯ ತೋಟದಲ್ಲಿ ಮರದ ಮೇಲೆ ನಾನು ಕಟ್ಟಿದ ಅಟ್ಟಣೆ ಜಗ್ಗಿಲ್ಲ, ಅದನ್ನು ಹೊತ್ತ ಮಾನ್ಕುರಾದ್ ತಳಿಯ ಮಾವು ಈ ಸಲವೂ ಚೆನ್ನಾಗಿ ಹೂ ಬಿಟ್ಟಿದೆ. "ತಮ್ಮಾ, ಕಬ್ಬಿಣ ಹೊಡೆದ ಮರ ಬಾಳೋದಿಲ್ಲ, ಹಗ್ಗ ಕಟ್ಟು" ಅಂದಿದ್ದ ಮಡಗಾಂವಿನಲ್ಲಿರುವ ನಮ್ಮೂರ ಕಡೆಯ ಹಿರಿಯ ಮೇಸ್ತ್ರಿ ಈಗ ಆ ಮಾತೇ ಎತ್ತೋದಿಲ್ಲ. ಬಿಗಿಯಾಗಿ ಹಗ್ಗ ಕಟ್ಟಿದರೆ ಮರ ದಪ್ಪ ಆದಂತೆ ಅದರ ಕತ್ತು ಹಿಸುಕಿದ ಹಾಗೇ ಅಲ್ವಾ?

ಮೊದಲ ಕೆಲಸ ಕಾಣಕೋಣದ ಕಡೆ, ಹಲಸಿನ ಮರದಲ್ಲಿ. ಅಲ್ಲಿ ನಾನು ಹೆದರಿ ಸಣ್ಣದು ಹಾಕಿದೆ. 12 ಎಂಎಂ ಕೋಚ್ ಸ್ಕ್ರೂ (ಪಾನಾದಿಂದ ತಿರುಗಿಸುವ ದಪ್ಪ ಮರದ ಸ್ಕ್ರೂ), ಎರಡು ಕವಲಿಗೆ ಅಡ್ಡ ಹಾಕಿದ ತೊಲೆಯ ಒಂದೊಂದು ತುದಿಗೆ ನಾಲ್ಕು, ಒಂದರ ಕೆಳಗೊಂದು. ಮಳೆ ನಿಲ್ಲುವಷ್ಟರಲ್ಲಿ ತೂತುಗಳ ನಡುವಿನ ತೊಗಟೆ ಎದ್ದು ಒಳಗೆ ಮೆತ್ತಗಾಗಿತ್ತು. ಒಂದು ಗಾಯವಾದರೆ ಮರ ಮುಚ್ಚಿಕೊಳ್ಳುತ್ತದೆ, ಹತ್ತಿರ ಹತ್ತಿರ ನಾಲ್ಕು ಮಾಡಿದರೆ ನಾಲ್ಕೂ ಸೇರಿ ಒಂದೇ ಹುಣ್ಣು. ಸಾಲದ್ದಕ್ಕೆ ತೊಲೆಯ ಎರಡೂ ತುದಿ ಬಿಗಿದಿದ್ದೆ. ಗಾಳಿಗೆ ಎರಡು ಕವಲು ಎರಡು ಕಡೆ ಓಲಾಡಿ ಮೂರು ಸ್ಕ್ರೂ ಕಟ್ ಆದವು. ಬಿಚ್ಚಿ ತೆಗೆದ ಖರ್ಚು ನನ್ನ ಕೈಯಿಂದಲೇ, ಸುಮಾರು 18 ಸಾವಿರ.

ಕೆಪೆಯಲ್ಲಿ ಒಂದು ಜಾಗಕ್ಕೆ ಒಂದೇ ಬೋಲ್ಟ್, 25 ಎಂಎಂ, 14 ಇಂಚು ಉದ್ದ. ಅಂಗಡಿಯಲ್ಲಿ ಅಷ್ಟು ದೊಡ್ಡದು ಸಿಗಲಿಲ್ಲ, ಸುಲಭಕ್ಕೆ ತುಕ್ಕು ಹಿಡಿಯದ 316 ಸ್ಟೀಲಿನ ರಾಡ್ ತಂದು ಲೇತ್‌ನಲ್ಲಿ ಥ್ರೆಡ್ ಕಡಿಸಿದೆ. ಒಂದಕ್ಕೆ ಸಾವಿರದ ನಾನೂರರ ಹತ್ತಿರ ಬಿತ್ತು. ನಾಲ್ಕು ಬೋಲ್ಟ್. ಮಾಲೀಕರು ಮುಖ ಸಿಂಡರಿಸಿದರು. ಮಳೆ ಪೂರ್ತಿ ನಿಂತ ಮೇಲೆ ನವೆಂಬರ್‌ನಲ್ಲಿ ಕೊರೆದೆ, ಥ್ರೆಡ್ ಭಾಗಕ್ಕೆ 19 ಎಂಎಂ ತೂತು, ಥ್ರೆಡ್ ಇಲ್ಲದ ಹೆಗಲಿಗೆ ಪೂರ್ತಿ 25. ಏಳು ಇಂಚು ಮರದೊಳಗೆ. ಪಾನಾಕ್ಕೆ ನಾಲ್ಕು ಅಡಿ ಪೈಪ್ ಸಿಕ್ಕಿಸಿ ಇಬ್ಬರು ತಿರುಗಿಸಿದೆವು. ಬಿಸಿಯಾದರೆ ನಿಲ್ಲಿಸೋದು, ಅರ್ಧ ಸುತ್ತು ಹಿಂದೆ ತಿರುಗಿಸೋದು, ಮತ್ತೆ ಮುಂದಕ್ಕೆ. ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ಮಷಿನ್ ಇತ್ತು, ಮುಟ್ಟಲಿಲ್ಲ. ತೊಲೆಯ ಒಂದು ತುದಿ ಬಿಗಿ, ಇನ್ನೊಂದು ತುದಿಗೆ ಕಬ್ಬಿಣದ ಪಟ್ಟಿಯಲ್ಲಿ ನಾಲ್ಕಿಂಚಿನ ಉದ್ದ ತೂತು. ಈಗ ಗಾಳಿ ಬಂದರೆ ಜಾರುತ್ತದೆ, ಸದ್ದೇ ಇಲ್ಲ.

ನೆಲದ ಅಡ್ಡಪಟ್ಟಿಗಳಿಗೆ ಮತ್ತಿ ಮರ. ಅಲ್ಲೂ ಒಂದು ಪಾಠ: 16 ಎಂಎಂ ಸ್ಕ್ರೂಗೆ 10ರ ತೂತು ಹಾಕಿದ್ದೆ, ಕೊನೆಯ ಇಂಚಿನಲ್ಲಿ ತಲೆ ಪಟ್ಟಂತ ಹಾರಿತು. ಉಳಿದ ತುಂಡು ಇನ್ನೂ ಅದರೊಳಗೇ ಇದೆ. 12 ಮಾಡಿದ ಮೇಲೆ ಸಲೀಸು.

ಸುಮ್ನೆ ಕೂರೋದು ಬೇಡ, ಸ್ಕ್ರೂ ಸಲೀಸಾಗಿ ಇಳಿಯೋಕೆ ಯಾವುದು ಒಳ್ಳೇದು ನೋಡೋಣ ಅಂತ ಸಾದಾ ಕಬ್ಬಿಣದ ಸ್ಕ್ರೂಗಳಿಗೆ ಸೋಪು, ಗ್ರೀಸ್, ಮೇಣದಬತ್ತಿ ಬೇರೆ ಬೇರೆಯಾಗಿ ಹಚ್ಚಿ ಒಂದು ಮತ್ತಿ ತುಂಡಿಗೆ ಹಾಕಿ ಹೊರಗಿಟ್ಟೆ. ಸೋಪು ಹಚ್ಚಿದ್ದು ಬೆಣ್ಣೆಯಂತೆ ಹೋಯಿತು, ಆದರೆ ಎರಡು ತಿಂಗಳಲ್ಲಿ ತುಕ್ಕು, ಸುತ್ತ ಮಸಿಯ ಹಾಗೆ ಕಪ್ಪು. ಗ್ರೀಸ್ ಕೈ ಹೊಲಸು. ಮೇಣವೇ ಗೆದ್ದಿತು. ಮೇಣಕ್ಕೆ ನಾನು ಇನ್ನೊಂದು ಬೆರೆಸುತ್ತೇನೆ, ಅದು ಮಾತ್ರ ಕೇಳಬೇಡಿ.

ಮರ ದಪ್ಪ ಆಗೋಕೆ ಅಂತ ಕಾಂಡಕ್ಕೂ ತೊಲೆಗೂ ನಡುವೆ ಮೂರು ಬೆರಳು ಜಾಗ ಬಿಟ್ಟಿದ್ದೆ, ಈಗ ಎರಡೂವರೆ ಇರಬೇಕು. ಮೇ ತಿಂಗಳಲ್ಲಿ ಹೋಗಿ ಅಳೆಯಬೇಕು. ಓಡಾಟದ ದುಡ್ಡು ಕೇಳಿದೆ, ಮಾಲೀಕರು ಒಂದು ಬುಟ್ಟಿ ಮಾವು ಕೊಡುತ್ತೇನೆ ಅಂದಿದ್ದಾರೆ.