ಅಭಿಮಾನಿಗಳ ಬಾಯಿಂದ ನನ್ನ ಇಷ್ಟದ ಶೋ ಬಿಡಿಸಿಕೊಂಡಿದ್ದು

ಮೂರು ವರ್ಷ ನಾನು ಒಂದು ಶೋ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಶೋ ಚೆನ್ನಾಗಿರಲಿಲ್ಲ ಅಂತ ಅಲ್ಲ, ಬಹಳ ಚೆನ್ನಾಗಿತ್ತು. ಅದರ ಅಭಿಮಾನಿಗಳ ಮಾತು ಕೇಳಿ ಕೇಳಿ ವಾಕರಿಕೆ ಬಂದಿತ್ತು. ಈಗ ಅದನ್ನೇ ಎರಡನೇ ಸಲ ಮೊದಲಿಂದ ಕೊನೆವರೆಗೆ ನೋಡಿ ಮುಗಿಸಿದ್ದೇನೆ. ಮೊದಲ ಸಲಕ್ಕಿಂತ ಜಾಸ್ತಿ ಇಷ್ಟವಾಯಿತು. ನಡುವೆ ಏನು ಮಾಡಿದೆ ಅಂತ ಬರೆಯುತ್ತೇನೆ, ಯಾಕೆಂದರೆ ಇದೇ ಕಾರಣಕ್ಕೆ ಇಷ್ಟದ ಶೋ ಬಿಟ್ಟವರು ನನಗೇ ನಾಲ್ಕೈದು ಜನ ಗೊತ್ತು.

ನಮ್ಮ ಮನೆ ಸಕಲೇಶಪುರದಿಂದ ಮೂಡಿಗೆರೆಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ. ಎಂಟು ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ಕತ್ತಲಾದ ಮೇಲೆ ಆನೆ ಭಯ, ಹೊರಗೆ ಕಾಲಿಡುವ ಹಾಗಿಲ್ಲ. ಸಂಜೆ ಏಳರಿಂದ ಮಲಗುವವರೆಗಿನ ಹೊತ್ತಿಗೆ ಟೀವಿ, ಲ್ಯಾಪ್‌ಟಾಪ್ ಬಿಟ್ಟರೆ ಬೇರೆ ಜೊತೆ ಕಡಿಮೆ. ಹಾಗಾಗಿ ಒಂದು ಒಳ್ಳೆ ಶೋ ಕೈತಪ್ಪಿ ಹೋಗುವುದು ನನಗೆ ಸಣ್ಣ ವಿಷಯ ಅಲ್ಲ.

ಆ ಶೋ ಬ್ರೇಕಿಂಗ್ ಬ್ಯಾಡ್. ಅಮೆರಿಕದ್ದು. 2008ರ ಜನವರಿಯಲ್ಲಿ ಶುರುವಾಗಿ 2013ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, ಐದು ಸೀಸನ್, 62 ಕಂತು. ವಾಲ್ಟರ್ ವೈಟ್ ಅಂತ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು. ಕ್ಯಾನ್ಸರ್ ಇದೆ ಅಂತ ಗೊತ್ತಾಗುತ್ತದೆ. ಹೆಂಡತಿ ಮಕ್ಕಳಿಗೆ ನಾಲ್ಕು ಕಾಸು ಮಾಡಿಟ್ಟು ಹೋಗೋಣ ಅಂತ ಮಾದಕ ವಸ್ತು ತಯಾರಿಸಲು ಇಳಿಯುತ್ತಾನೆ. ಬರುಬರುತ್ತಾ ಹೆಂಡತಿ ಮಕ್ಕಳು ಬರೀ ನೆಪ ಆಗುತ್ತಾರೆ. ಆ ಪಾತ್ರ ಮಾಡಿದವರು ಬ್ರಯಾನ್ ಕ್ರಾನ್‌ಸ್ಟನ್. ಹೆಂಡತಿ ಸ್ಕೈಲರ್ ಪಾತ್ರದಲ್ಲಿ ಆನಾ ಗನ್. ಈ ಸ್ಕೈಲರ್ ಮೇಲೆ ಅಭಿಮಾನಿಗಳಿಗೆ ಇರುವ ದ್ವೇಷ ಇದೆಯಲ್ಲ, ಅದನ್ನು ಹತ್ತಿರದಿಂದ ಕಂಡವರಿಗೇ ಗೊತ್ತು.

ನನಗೆ ಈ ಶೋ ಪರಿಚಯ ಮಾಡಿಸಿದ್ದು ನನ್ನ ಚಿಕ್ಕಮ್ಮನ ಮಗ. ಹಾಸನದಲ್ಲಿ ಕೆಲಸ. ಅವನ ಸ್ನೇಹಿತರು, ಅವರ ಸ್ನೇಹಿತರು, ಎಲ್ಲ ಸೇರಿದ ಒಂದು ವಾಟ್ಸಾಪ್ ಗ್ರೂಪಿಗೆ ನನ್ನನ್ನೂ ಸೇರಿಸಿದ. ಮೊದಮೊದಲು ಚೆನ್ನಾಗಿತ್ತು. ಆ ಬಣ್ಣ ಯಾಕೆ ಹಾಕಿದ್ದಾರೆ, ಈ ಮಾತಿಗೆ ಹಿಂದೆ ಎಲ್ಲಿ ಬೇರು ಇತ್ತು ಅಂತೆಲ್ಲ ಚರ್ಚೆ. ಆದರೆ ಸ್ಕೈಲರ್ ತೆರೆ ಮೇಲೆ ಬಂದಳು ಅಂದರೆ ಸಾಕು, ಸ್ಟಿಕ್ಕರ್ ಮೇಲೆ ಸ್ಟಿಕ್ಕರ್. "ಇವಳೊಬ್ಬಳು ಸತ್ತರೆ ಶೋ ಉದ್ಧಾರ ಆಗುತ್ತೆ" ಅನ್ನುವುದು ಅಲ್ಲಿ ದಿನದ ಮಾತು. ಗಂಡ ಜನರನ್ನು ಕೊಲ್ಲುತ್ತಿದ್ದಾನೆ, ಅವನು ಹೀರೋ. ಅದನ್ನು ಕೇಳುವ ಹೆಂಡತಿ ಮಾತ್ರ ಪೀಡೆ.

ಪೂರ್ತಿ ನೋಡಿ ಮುಗಿಸಿದ ಒಂದು ವಾರಕ್ಕೆ ನಾನು ಒಂದೇ ಒಂದು ಸಾಲು ಹಾಕಿದೆ. "ಕೊನೆಗೆ ನೋಡಿದರೆ ಸ್ಕೈಲರ್ ಹೇಳಿದ್ದರಲ್ಲಿ ತಪ್ಪೇನಿತ್ತು?" ಅಷ್ಟೇ. ಜನವರಿ ತಿಂಗಳು, ರೊಬಸ್ಟಾ ಕೊಯ್ಲು ನಡೀತಿತ್ತು. ಇಬ್ಬನಿ ಬೀಳುವ ಮೊದಲು ಕಣದಲ್ಲಿ ಹರಡಿದ ಕಾಫಿ ರಾಶಿ ಮಾಡಿ, ಟಾರ್ಪಾಲು ಮುಚ್ಚಿ, ಅಂಚಿಗೆ ಕಲ್ಲಿಟ್ಟು ಒಳಗೆ ಬಂದು ಫೋನ್ ತೆಗೆದೆ. ನಲವತ್ತಕ್ಕೂ ಜಾಸ್ತಿ ಮೆಸೇಜು. ಮುಖವನ್ನೇ ನೋಡಿರದ ಒಬ್ಬ ಬರೆದಿದ್ದ: "ನಿಮ್ಮ ಮನೆಯವರನ್ನ ನೆನೆಸಿಕೊಂಡ್ರೆ ಪಾಪ ಅನ್ಸುತ್ತೆ." ಅದಕ್ಕೆ ಸಾಲಾಗಿ ನಗುವ ಮುಖಗಳು. ಇನ್ನೊಬ್ಬ ನನಗೇ ಬೇರೆಯಾಗಿ ಕಳಿಸಿದ್ದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಮ್ಮ, ಅಂದರೆ ಚಿಕ್ಕಮ್ಮನ ಮಗ, ಎಲ್ಲವನ್ನೂ ಓದಿದ್ದ. ಒಂದು ಮಾತೂ ಆಡಿರಲಿಲ್ಲ. ಅದು ಹೆಚ್ಚು ನೋವಾಯಿತು.

ಗ್ರೂಪ್ ಬಿಟ್ಟೆ. ಜೊತೆಗೆ ಶೋ ಕೂಡ ಬಿಟ್ಟೆ. ಅದರ ಸಂಗೀತ ಎಲ್ಲಾದರೂ ಕೇಳಿದರೂ ಆ ಸಂಜೆಯೇ ನೆನಪಾಗುತ್ತಿತ್ತು. ಇದು ತಪ್ಪು ಅಂತ ಗೊತ್ತಾಗಲು ಮೂರು ವರ್ಷ ಬೇಕಾಯಿತು.

ಕಣ್ಣು ತೆರೆಸಿದವರು ನಮ್ಮ ಅತ್ತೆ. ಅವರು ಬಿಗ್ ಬಾಸ್ ಕನ್ನಡ 2013ರಲ್ಲಿ ಶುರುವಾದಾಗಿನಿಂದ ನೋಡುತ್ತಾ ಬಂದವರು. ಸುದೀಪ್ ಬರುವ ಶನಿವಾರ, ಭಾನುವಾರ ಅಡುಗೆ ಬೇಗ ಮುಗಿಯುತ್ತದೆ. ಫೋನಿನಲ್ಲಿ ಆ ಶೋ ಬಗ್ಗೆ ಏನೇನು ಯುದ್ಧ ನಡೆಯುತ್ತದೆ, ಯಾರ ಅಭಿಮಾನಿಗಳು ಯಾರ ಅಮ್ಮನನ್ನು ಬೈಯುತ್ತಾರೆ, ಒಂದೂ ಅವರಿಗೆ ಗೊತ್ತಿಲ್ಲ. ಸೀರಿಯಲ್ ನೋಡುವಾಗ ಕೇಡಿ ಪಾತ್ರದವಳಿಗೆ ಬೈಯುತ್ತಾರೆ ನಿಜ. "ಇವಳ ಬಾಯಿಗೆ ಮಣ್ಣು ಹಾಕ" ಅಂತ ಜೋರಾಗಿಯೇ ಬೈಯುತ್ತಾರೆ. ಒಂದು ದಿನ ಸುಮ್ನೆ ಕೇಳಿದೆ, "ಅತ್ತೆ, ಆ ನಟಿ ನಿಜವಾಗ್ಲೂ ನಿಮಗೆ ಎದುರಿಗೆ ಸಿಕ್ರೆ ಏನು ಮಾಡ್ತೀರಿ?" ಅವರು ಯೋಚನೆಯನ್ನೇ ಮಾಡಲಿಲ್ಲ. "ಮನೆಗೆ ಕರ್ಕೊಂಡು ಬಂದು ಊಟ ಹಾಕ್ತೀನಿ ಕಣೇ. ಎಷ್ಟು ಚೆನ್ನಾಗಿ ಮಾಡ್ತಾಳೆ!"

ನನಗೆ ಅಲ್ಲೇ ವಿಷಯ ತಿಳಿಯಾಯಿತು. ಪಾತ್ರವನ್ನು ಬೈಯುವುದು ಅಭಿಮಾನದ ಒಂದು ಭಾಗ. ಆ ಬೈಗುಳ ತೆರೆ ದಾಟಿ ಉಸಿರಾಡುವ ಮನುಷ್ಯರ ಮೇಲೆ ಬಿದ್ದಾಗ ಅದು ಬೇರೆಯೇ ಆಗುತ್ತದೆ. ಅತ್ತೆಯ ಸಂತೋಷ ಇಡೀ ಸಂತೋಷ, ಯಾರೂ ಕೈ ಹಾಕಿ ಕಲಕಿಲ್ಲ. ನನ್ನದನ್ನು ನಾನೇ ಹದಿನೈದು ಇಪ್ಪತ್ತು ಅಪರಿಚಿತರ ಕೈಗೆ ಕೊಟ್ಟು ಬಂದಿದ್ದೆ.

ಆ ವರ್ಷ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಹಾಸನದ ನಾದಿನಿ ಮನೆಗೆ ಹೋಗಿದ್ದೆ. ಅಲ್ಲಿ ವೈಫೈ ಚೆನ್ನಾಗಿದೆ. ನೆಟ್‌ಫ್ಲಿಕ್ಸ್‌ನಲ್ಲಿ ಮೊದಲ ಸೀಸನ್‌ ಡೌನ್‌ಲೋಡ್ ಮಾಡಿಕೊಂಡೆ. ಆಮೇಲೂ ಹಾಸನಕ್ಕೆ ಹೋದಾಗೆಲ್ಲ ಹತ್ತತ್ತು ಕಂತು ತುಂಬಿಸಿಕೊಂಡು ಬರುತ್ತಿದ್ದೆ. ನಮ್ಮಲ್ಲಿ ಜೂನ್ ಜುಲೈನಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟ್ ಇಲ್ಲ. ಹಿಂದೆಯೇ ಟವರ್ ಕೂಡ ಹೋಗುತ್ತದೆ. ಪ್ರತಿ ವರ್ಷ ಬೇಸರ ತರುವ ಈ ತೊಂದರೆಯೇ ಆ ವರ್ಷ ನನಗೆ ಒಳ್ಳೆಯದು ಮಾಡಿತು. ನೋಡುವುದಕ್ಕೆ ಶೋ ಇದೆ, ಅದರ ಬಗ್ಗೆ ಯಾರು ಏನು ಹೇಳಿದರು ಅಂತ ನೋಡುವುದಕ್ಕೆ ದಾರಿ ಇಲ್ಲ.

ನಿಯಮ ಎರಡೇ ಇಟ್ಟುಕೊಂಡೆ. ಪೂರ್ತಿ ಮುಗಿಯುವವರೆಗೆ ಆ ಶೋ ಬಗ್ಗೆ ಎಲ್ಲೂ ಏನೂ ಓದುವುದಿಲ್ಲ, ವಿಡಿಯೋ ನೋಡುವುದಿಲ್ಲ. ಇನ್ನೊಂದು, ಪ್ರತಿ ಕಂತು ಮುಗಿದ ತಕ್ಷಣ, ಯಾರ ಹತ್ತಿರವೂ ಮಾತಾಡುವ ಮೊದಲು, ನನಗೆ ಅನಿಸಿದ್ದನ್ನು ಎರಡು ಸಾಲು ಬರೆಯುತ್ತೇನೆ. ಆಳುಗಳ ಹಾಜರಿ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇದ್ದವು, ಅದರಲ್ಲೇ. ಮುಂದಿನ ಪುಟದಲ್ಲಿ ಚಿಗುರು ತೆಗೆಯಲು ಯಾರು ಬಂದರು, ಎಷ್ಟು ಕೂಲಿ. ಹಿಂದಿನ ಪುಟದಲ್ಲಿ ವಾಲ್ಟರ್, ಸ್ಕೈಲರ್, ವಾಲ್ಟರ್‌ನ ದಂಧೆಯ ಜೊತೆಗಾರ ಜೆಸ್ಸಿ. ಮೊದಲ ವಾರ ಬರೆಯಲು ಕಷ್ಟ ಆಯಿತು. ಪೆನ್ನು ಹಿಡಿದರೆ ಗ್ರೂಪಿನವರ ಮಾತೇ ಬರುತ್ತಿತ್ತು. ಎರಡನೇ ಸೀಸನ್ ಹೊತ್ತಿಗೆ ನನ್ನ ಮಾತು ಬರತೊಡಗಿತು.

ಜೊತೆಗೆ ನೋಡಲು ಒಬ್ಬರು ಸಿಕ್ಕಿದ್ದೂ ದೊಡ್ಡ ವಿಷಯ. ನಾದಿನಿ ಹೈಸ್ಕೂಲ್ ಟೀಚರ್. ಮಳೆ ಜೋರಾಗಿ ಶಾಲೆಗಳಿಗೆ ರಜೆ ಕೊಟ್ಟಾಗ ನಮ್ಮ ಮನೆಗೆ ಬಂದು ಉಳಿದಳು. ಅವಳು ಈ ಶೋ ನೋಡಿರಲಿಲ್ಲ, ಯಾರು ಕೆಟ್ಟವರು ಅಂತ ಯಾರೂ ಅವಳ ತಲೆಗೆ ತುಂಬಿರಲಿಲ್ಲ. ಸಂಜೆ ಕಳಲೆ ಪಲ್ಯ, ಬಿಸಿ ಕಡುಬು. ಆಮೇಲೆ ಇನ್ವರ್ಟರ್ ಬ್ಯಾಟರಿ ಇರುವಷ್ಟು ಹೊತ್ತು ಲ್ಯಾಪ್‌ಟಾಪ್. ನಾನು ನಡುವೆ ಬಾಯಿ ಹಾಕದೆ ಅವಳ ಮುಖ ನೋಡುತ್ತಾ ಕೂರುತ್ತಿದ್ದೆ. ಗ್ರೂಪಿನವರು ನಕ್ಕ ಕಡೆಯಲ್ಲೆಲ್ಲ ಅವಳು ನಗಲಿಲ್ಲ.

ಐದನೇ ಸೀಸನ್‌ನ ಒಂದು ದೃಶ್ಯ ಹೇಳಲೇಬೇಕು. ನೋಡದೇ ಇರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ವಾಲ್ಟರ್‌ನ 51ನೇ ಹುಟ್ಟುಹಬ್ಬ. ಮನೆಯ ಹಿಂದೆ ಈಜುಕೊಳದ ಪಕ್ಕ ಕೂತಿದ್ದಾರೆ. ಸ್ಕೈಲರ್‌ನ ತಂಗಿ ಮತ್ತು ತಂಗಿ ಗಂಡ ಬಂದಿದ್ದಾರೆ. ವಾಲ್ಟರ್ ಕಳೆದ ಒಂದು ವರ್ಷದ ಕಷ್ಟ, ತನ್ನ ಕಾಯಿಲೆ, ಹೆಂಡತಿ ಕೈಹಿಡಿದು ನಡೆಸಿದ್ದು, ಇದನ್ನೆಲ್ಲ ದೊಡ್ಡ ಮನುಷ್ಯನ ಹಾಗೆ ಹೇಳುತ್ತಿದ್ದಾನೆ. ಸ್ಕೈಲರ್ ಎದ್ದು ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಾಳೆ. ಆಮೇಲೆ ಉಟ್ಟ ಬಟ್ಟೆಯಲ್ಲೇ ಮೆಲ್ಲಗೆ ನೀರಿಗಿಳಿದು ಮುಳುಗುತ್ತಾಳೆ. ಆ ತಂಗಿ ಗಂಡ ಮಾದಕ ವಸ್ತು ದಂಧೆ ಹಿಡಿಯುವ ಅಧಿಕಾರಿ. ಹೇಳಿದರೆ ಮನೆ ಒಡೆದುಹೋಗುತ್ತದೆ, ಹೇಳದೆ ಇದ್ದರೆ ಮಕ್ಕಳು ಆ ಮನುಷ್ಯನ ಜೊತೆಯೇ ಬೆಳೆಯಬೇಕು. ಬಾಯಿ ಬಿಡದೆ ಮಕ್ಕಳನ್ನು ಆ ಮನೆಯಿಂದ ಹೊರಗೆ ಕಳಿಸಲು ಅವಳಿಗೆ ಉಳಿದಿದ್ದ ದಾರಿ ಅದೊಂದೇ. ತನಗೆ ಹುಚ್ಚು ಹಿಡಿದಿದೆ ಅಂತ ತೋರಿಸುವುದು. ಆ ಸಂಜೆಯ ಮೇಲೆ ತಂಗಿ ಮನೆಯವರು ಮಕ್ಕಳನ್ನು ತಮ್ಮ ಹತ್ತಿರ ಇಟ್ಟುಕೊಳ್ಳುತ್ತಾರೆ. ಆಮೇಲೆ ಕೋಣೆಯಲ್ಲಿ ಗಂಡ ಕೇಳುತ್ತಾನೆ, ಮುಂದೆ ಏನು ಮಾಡುತ್ತೀಯ ಅಂತ. ಕಾಯುತ್ತೇನೆ ಅನ್ನುತ್ತಾಳೆ. ಯಾವುದಕ್ಕೆ? ಅವನ ಕ್ಯಾನ್ಸರ್ ಮತ್ತೆ ಬರಲಿ ಅಂತ.

ಹೊರಗೆ ಹಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ನಾದಿನಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಕಂತು ಮುಗಿದ ಮೇಲೆ ಅವಳು ಹೇಳಿದ್ದು ಇಷ್ಟೇ. "ಅತ್ತಿಗೆ, ಎಷ್ಟು ದಿನದಿಂದ ಯೋಚನೆ ಮಾಡಿರ್ಬೇಕು ಅವಳು, ಅಲ್ವಾ?"

ಟವರ್ ಬಂದ ದಿನ ನಾನು ಹಳೇ ಗ್ರೂಪಿನ ಮೆಸೇಜುಗಳನ್ನು ತೆಗೆದು ನೋಡಿದೆ. ಬಿಟ್ಟರೂ ಫೋನಿನಲ್ಲಿ ಹಾಗೇ ಇದ್ದವು. ಇದೇ ದೃಶ್ಯಕ್ಕೆ ಮೊದಲ ಸಲ ಯಾರು ಏನು ಹೇಳಿದ್ದರು ಅಂತ ಹುಡುಕಿದೆ. ಅಲ್ಲಿ ನನ್ನದೇ ಒಂದು ಸಾಲು ಇತ್ತು. "ಶುರುವಾಯ್ತು ಇವಳ ನಾಟಕ." ಪಕ್ಕದಲ್ಲಿ ನಗುವ ಮುಖ. ನಾನು ಬರೆದದ್ದು, ನನ್ನ ಹೆಸರಿನಲ್ಲಿ. ನನಗೆ ನೆನಪೇ ಇರಲಿಲ್ಲ. ಅವರು ನನ್ನನ್ನು ಬೈದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಶೋ ಬಿಡುವುದಕ್ಕೆ ಎಷ್ಟೋ ಮೊದಲೇ ಅವರ ಕಣ್ಣು ನನ್ನ ಕಣ್ಣಾಗಿತ್ತು. ಕೆಟ್ಟ ಅಭಿಮಾನಿಗಳಿಂದ ನಿಜವಾಗಿ ಆಗುವ ನಷ್ಟ ಇದು ಅಂತ ನನ್ನ ಅನುಭವ. ಗಲಾಟೆಗೆ ಬೇಸರವಾಗಿ ಎದ್ದು ಹೋದರೆ ಮತ್ತೆ ಬಂದು ಕೂರಬಹುದು. ಅವರ ಹಾಗೇ ನೋಡಲು ಕಲಿತುಬಿಟ್ಟರೆ, ಶೋ ಎದುರಿಗಿದ್ದರೂ ನಾವು ನೋಡಿರುವುದಿಲ್ಲ.

ಎಲ್ಲ ಮುಗಿದ ಮೇಲೆ ಓದಲು ಶುರು ಮಾಡಿದೆ. ಆನಾ ಗನ್ 2013ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಇದೇ ವಿಷಯದ ಮೇಲೆ ಒಂದು ಲೇಖನ ಬರೆದಿದ್ದರು. ಶೋನ ಕೊನೆಯ ಕಂತುಗಳು ಇನ್ನೂ ಬರುತ್ತಿದ್ದಾಗಲೇ. ಸ್ಕೈಲರ್‌ನ ದ್ವೇಷಿಸುವುದಕ್ಕೇ ಫೇಸ್‌ಬುಕ್‌ನಲ್ಲಿ ಪುಟಗಳು ಹುಟ್ಟಿದ್ದು, ಆ ದ್ವೇಷ ಪಾತ್ರ ದಾಟಿ ತನ್ನ ಮೇಲೇ ತಿರುಗಿದ್ದು, ತನ್ನನ್ನು ಕೊಲ್ಲಬೇಕು, ಎಲ್ಲಿ ಸಿಗುತ್ತಾಳೆ ಅಂತ ಒಬ್ಬರು ಕೇಳಿದ್ದು, ಎಲ್ಲ ಅದರಲ್ಲಿದೆ. ಗಂಡನ ಮಾತಿಗೆ ತಲೆಬಾಗದ ಹೆಂಡತಿಯನ್ನು ಜನ ಹೇಗೆ ನೋಡುತ್ತಾರೆ ಅನ್ನುವುದೂ ಈ ಸಿಟ್ಟಿನಲ್ಲಿದೆ ಅಂತ ಅವರು ಬರೆದಿದ್ದಾರೆ. ಮರು ತಿಂಗಳೇ ಅದೇ ಪಾತ್ರಕ್ಕೆ ಅವರಿಗೆ ಅಮೆರಿಕದ ಟೀವಿ ಶೋಗಳಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂತು, 2014ರಲ್ಲಿ ಮತ್ತೊಮ್ಮೆ. ಸಕಲೇಶಪುರದ ತೋಟದಲ್ಲಿ ಕೂತ ನನಗೂ ಆ ನಟಿಗೂ ಏನು ಸಂಬಂಧ ಹೇಳಿ? ಆದರೆ ಓದುವಾಗ ನನ್ನ ಪರವಾಗಿಯೂ ಯಾರೋ ಮಾತಾಡಿದ ಹಾಗಾಯಿತು.

ನನ್ನ ಅಕ್ಕನ ಮಗನಿಗೂ ಇಂಥದ್ದೇ ಆಗಿದೆ. ಅವನಿಗೆ ರಿಕ್ ಆಂಡ್ ಮಾರ್ಟಿ ಅನ್ನುವ ಅಮೆರಿಕದ ಕಾರ್ಟೂನ್ ಶೋ ಅಂದರೆ ಪ್ರಾಣ. 2017ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್‌ನವರು ಆ ಶೋನಲ್ಲಿ ಹೆಸರಾದ ಒಂದು ಸಾಸ್ ಅನ್ನು ಒಂದು ದಿನದ ಮಟ್ಟಿಗೆ ಕೊಟ್ಟರು. ಸ್ವಲ್ಪವೇ ಇತ್ತು, ಬೇಗ ಖಾಲಿ ಆಯಿತು. ಸಿಗದವರು ಕೌಂಟರ್‌ನಲ್ಲಿ ನಿಂತವರ ಮೇಲೆ ಕೂಗಾಡಿದರು. ನಮ್ಮ ಹುಡುಗ ಬೆಂಗಳೂರಿನಲ್ಲಿ ಎರಡು ವರ್ಷ ಅಂಥದ್ದೇ ಒಂದು ಕೌಂಟರ್‌ನಲ್ಲಿ ನಿಂತವನು. ಆ ವಿಡಿಯೋ ನೋಡಿದ ಮೇಲೆ ಆ ಶೋ ಇಷ್ಟ ಅಂತ ಹೇಳಿಕೊಳ್ಳುವುದಕ್ಕೇ ನಾಚಿಕೆ ಆಗುತ್ತದೆ ಚಿಕ್ಕಮ್ಮ, ಅಂದ. ನಾನು ಹೇಳಿದೆ, ನಾಚಿಕೆ ಪಡಬೇಕಾದವರು ಕೂಗಾಡಿದವರು, ನೀನಲ್ಲ. ಈಗ ನೋಡುತ್ತಿದ್ದಾನೆ, ಆ ಸಾಸಿನ ಚಿತ್ರ ಇರುವ ಟೀಶರ್ಟ್ ಮಾತ್ರ ಹಾಕುವುದಿಲ್ಲ.

ಎಲ್ಲ ಶೋಗೂ ಇದೇ ದಾರಿ ಅಂತ ನಾನು ಹೇಳುವುದಿಲ್ಲ. ಬಿಗ್ ಬಾಸ್ ಥರದ್ದರಲ್ಲಿ ಜನರ ವೋಟಿನಿಂದಲೇ ಯಾರು ಉಳಿಯಬೇಕು ಅಂತ ಆಗುವುದು. ಅಲ್ಲಿ ಅಭಿಮಾನಿಗಳ ಬಿಸಿ ಶೋ ಒಳಗೇ ಬೆರೆತಿರುತ್ತದೆ, ಬೇರೆ ಮಾಡಿ ನೋಡಲು ಬರುವುದಿಲ್ಲ. ಒಂದು ಸೀಸನ್ ನಾನು ಅರ್ಧಕ್ಕೆ ಬಿಟ್ಟಿದ್ದೇನೆ, ಅದಕ್ಕೆ ಬೇಸರ ಇಲ್ಲ. ನಿಮಗೇ ನೇರವಾಗಿ ಬೆದರಿಕೆ ಹಾಕುತ್ತಿದ್ದರೆ ಆ ಜಾಗದಲ್ಲಿ ಒಂದು ನಿಮಿಷವೂ ಇರಬೇಡಿ. ಮೆಸೇಜು ಅಳಿಸಬೇಡಿ, ಮನೆಯವರಿಗೆ ತೋರಿಸಿ. ನಾನು ತೋರಿಸದೆ ನುಂಗಿಕೊಂಡೆ, ಅದು ನಾನು ಮಾಡಿದ ತಪ್ಪು. ಆದರೆ ಬರೆದು ಮುಗಿಸಿರುವ, ಚಿತ್ರೀಕರಿಸಿ ಮುಗಿಸಿರುವ ಕಥೆಯನ್ನು ಯಾವ ಗ್ರೂಪಿನವರೂ ಬದಲಾಯಿಸಲು ಸಾಧ್ಯವಿಲ್ಲ. ಅದು ಹೇಗಿತ್ತೋ ಹಾಗೇ ಇರುತ್ತದೆ.

ಆ ವರ್ಷ ದೀಪಾವಳಿ ಸಮಯದಲ್ಲಿ ಚಿಕ್ಕಮ್ಮನ ಮಗ ಮನೆಗೆ ಬಂದ. ಬೆಳಗಿನ ಜಾವ ಎದ್ದು ಸಾಲಿನಲ್ಲಿ ನಿಂತು ಹಾಸನಾಂಬೆ ದರ್ಶನ ಮಾಡಿ, ಪ್ರಸಾದ ತಂದಿದ್ದ. ಮೂರು ವರ್ಷದಲ್ಲಿ ನಾವಿಬ್ಬರೂ ಆ ವಿಷಯ ಎತ್ತಿರಲಿಲ್ಲ. ರಾತ್ರಿ ಊಟ ಆದ ಮೇಲೆ ಅವನೇ ಕೇಳಿದ.

"ಅಕ್ಕ, ಆ ಶೋ ಮತ್ತೆ ನೋಡಿದ್ಯಂತೆ?"

"ನೋಡಿದೆ ಕಣೋ. ಬಾ ಇಲ್ಲಿ, ಒಂದು ತೋರಿಸ್ತೀನಿ."

ಹುಟ್ಟುಹಬ್ಬದ ದೃಶ್ಯ ಹಾಕಿದೆ. ನಾನು ಏನೂ ಹೇಳಲಿಲ್ಲ. ಕೋಣೆಯ ಜಗಳದವರೆಗೂ ನೋಡಿದ. ಲ್ಯಾಪ್‌ಟಾಪ್ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಆದ್ರೂ ಅಕ್ಕ, ಅವಳು ತನ್ನ ಬಾಸ್ ಆ ಟೆಡ್ ಜೊತೆ ಹೋಗಿದ್ದು..."

"ಅದು ತಪ್ಪೇ. ತಪ್ಪಲ್ಲ ಅಂತ ನಾನೆಲ್ಲಿ ಹೇಳಿದೆ? ಸಾಯ್ಲಿ ಅನ್ನೋ ಅಷ್ಟು ತಪ್ಪಾ ಅಂತ ಕೇಳ್ತಿದೀನಿ. ನನ್ನನ್ನ ಹಾಗೆ ಅಂದಾಗ್ಲೂ ನೀನು ಸುಮ್ನಿದ್ದೆ."

ಅವನು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಫೋನು ಎರಡು ಸಲ ಮಿನುಗಿತು, ನೋಡಲಿಲ್ಲ.

"ಹೌದು ಅಕ್ಕ. ಸುಮ್ನಿದ್ದೆ," ಅಂದ. ಆಮೇಲೆ, "ಈ ಸೀಸನ್ ಮೊದಲ್ನೇ ಕಂತಿಂದ ಹಾಕು, ನಾನೂ ನೋಡ್ತೀನಿ" ಅಂತ ಎದ್ದು, ಫೋನನ್ನು ಒಳಗಿನ ಕೋಣೆಯಲ್ಲಿ ಚಾರ್ಜಿಗೆ ಹಾಕಿ ಬಂದು ನನ್ನ ಪಕ್ಕ ಕೂತ.