ಇಲಿಬಾಲದ ಪಿಸ್ತೂಲು

ಕೊಡಗಿನವನಿಗೆ ಕೋವಿ ಹೊಸದೇನಲ್ಲ. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಕೈಮುಗಿಯುವುದನ್ನು ನೋಡಿಯೇ ಬೆಳೆದೆ. ಆದರೆ ಗ್ರೀಸಿನ ಚಕಮಕಿ ಕೋವಿಗಳ ಹುಚ್ಚು ಹಿಡಿದದ್ದು ಇಂಗ್ಲೆಂಡಿಗೆ ಬಂದ ಮೇಲೆ. ರಜೆಯಲ್ಲಿ ಅಥೆನ್ಸಿಗೆ ಹೋಗಿದ್ದೆ. ಅಲ್ಲಿನ ಹಳೇ ಸಂಸತ್ ಭವನದ ಮ್ಯೂಸಿಯಂನಲ್ಲಿ, 1821ರ ಸ್ವಾತಂತ್ರ್ಯ ಯುದ್ಧದ ಆಯುಧಗಳ ಮುಂದೆ ನಿಂತವನು ಕದಲಲೇ ಇಲ್ಲ. ಅವರ ಉದ್ದನೆಯ ಕೋವಿಗೆ ಕಾರ್ಯೋಫಿಲಿ ಅಂತ ಹೆಸರು.

ಅದು ನನ್ನ ಜೇಬಿಗೆ ಎಟುಕಲಿಲ್ಲ. ಹರಾಜಿನಲ್ಲಿ ಒಂದು ಪಿಸ್ತೂಲು ಹಿಡಿದೆ. ಹಿಡಿಕೆ ತುದಿಗೆ ಹೋದಂತೆ ಸಪೂರ, ಅದಕ್ಕೇ ಇಲಿಬಾಲ ಎನ್ನುತ್ತಾರೆ. ನಳಿಗೆಯ ಮೇಲೆ 'ಲಜಾರಿನೋ' ಎಂಬ ಕೆತ್ತನೆ. ಇಟಲಿಯ ಬ್ರೆಷಿಯಾದ ಹೆಸರಾಂತ ಕಮ್ಮಾರರ ಮಾಲು ಎಂದು ಕುಣಿದಾಡಿಬಿಟ್ಟೆ. ಆಮೇಲೆ ಗೊತ್ತಾಯಿತು, ಬಾಲ್ಕನ್ ಕಡೆಯ ಕಮ್ಮಾರರು ಆ ಹೆಸರನ್ನು ಸಿಕ್ಕಸಿಕ್ಕ ನಳಿಗೆಗೆಲ್ಲ ಕೆತ್ತುತ್ತಿದ್ದರು. ನನ್ನದರಲ್ಲಿ ಅಕ್ಷರಗಳೂ ತಪ್ಪು!

ಒಂದು ವಾರ ಮುಖ ಊದಿಸಿಕೊಂಡಿದ್ದೆ. ಈಗ ಆ ತಪ್ಪಕ್ಷರವೇ ನನಗೆ ಜಾಸ್ತಿ ಇಷ್ಟ. ಈ ಕೋವಿಗಳು ಹುಟ್ಟುತ್ತಿದ್ದದ್ದೇ ಹಾಗೆ: ನಳಿಗೆ ಒಂದೂರಿನದು, ಕಿಡಿ ಹೊಡೆಯುವ ಚಾಪು ಇನ್ನೊಂದೂರಿನದು, ಬೆಳ್ಳಿ ಕೆಲಸ ಮತ್ತೊಬ್ಬರದು. ಗ್ರೀಸಿನ ಎಪಿರಸ್ ಬೆಟ್ಟಗಳಲ್ಲಿ ಕಲಾರಿತೆಸ್‌ನಂಥ ಅಕ್ಕಸಾಲಿಗರ ಹಳ್ಳಿಗಳೇ ಇದ್ದವು.

ಇನ್ನೊಂದು ಪೆದ್ದುತನ. ಬೆಳ್ಳಿ ಕಪ್ಪಾಗಿದೆ ಅಂತ ಪಾಲಿಶ್ ಹಾಕಿ ಉಜ್ಜಿದೆ. ಗೆರೆಗಳಲ್ಲಿದ್ದ ಕಪ್ಪು ಕೊಳೆಯಲ್ಲ, ಬೇಕೆಂದೇ ತುಂಬಿದ್ದ ನಿಯೆಲ್ಲೋ ಎಂಬ ಕಪ್ಪು ಲೋಹಮಿಶ್ರಣ. ಒಂದು ಬದಿಯಲ್ಲಿ ಅರ್ಧ ಹೋಯಿತು. ಈಗ ಮೆತ್ತನೆ ಬಟ್ಟೆ ಬಿಟ್ಟು ಏನೂ ಮುಟ್ಟಿಸುವುದಿಲ್ಲ.

ಹೊಸದು ಬಂದರೆ ಮೊದಲ ಕೆಲಸ, ನಳಿಗೆಯೊಳಗೆ ಮರದ ಕಡ್ಡಿ ಇಳಿಸಿ ಗುರುತು ಹಾಕುವುದು. ಅದೇ ಕಡ್ಡಿಯನ್ನು ಹೊರಗಿಟ್ಟು ನೋಡಿದರೆ ಕಿವಿರಂಧ್ರದ, ಅಂದರೆ ಮದ್ದಿಗೆ ಕಿಡಿ ತಾಗುವ ತೂತಿನ, ಹತ್ತಿರ ಬರಬೇಕು. ಎಷ್ಟೋ ಮೊದಲೇ ನಿಂತರೆ ಒಳಗೆ ಇನ್ನೂ ಮದ್ದುಗುಂಡು ಇರಬಹುದು. ಇನ್ನೂರು ವರ್ಷವಾದರೂ ಮದ್ದು ಮದ್ದೇ ಅಲ್ವಾ.

ನನ್ನ ಪಿಸ್ತೂಲಿನ ಕೆಳಗೆ ಮದ್ದುಗುಂಡು ಗಿಡಿಯುವ ಗಜಕಡ್ಡಿ ಇದ್ದಂತೆ ಕಾಣುತ್ತದೆ. ಎಳೆದರೆ ಬರುವುದಿಲ್ಲ, ಸುಮ್ನೆ ಅಲಂಕಾರ. ನಿಜವಾದದ್ದನ್ನು ಬೇರೆಯಾಗಿ ತೂಗುಹಾಕಿಕೊಳ್ಳುತ್ತಿದ್ದರು. ಅಂಥ ಕೆಲವು ಗಜಕಡ್ಡಿಗಳ ಒಳಗೆ ತಂಬಾಕು ಸೇದುವ ಕೊಳವೆಗೆ ಕೆಂಡ ಎತ್ತುವ ಪುಟ್ಟ ಇಕ್ಕಳವೂ ಅಡಗಿರುತ್ತದೆ. ಅಂಥದ್ದೊಂದನ್ನು ಮೂರು ವರ್ಷದಿಂದ ಹುಡುಕುತ್ತಿದ್ದೇನೆ.