ಹೀಟರ್ ಹಾಕುವ ದಿನ ಯಾವುದು? ಹುಳು ಮನೆಯನ್ನು ಕೇಳಿ

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವ ಒಳ್ಳೆಯ ಹುಳು ಮನೆಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಗೆ ತೂಗಿಬಿಟ್ಟ ಥರ್ಮಾಮೀಟರ್. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್, ಬಲಿತ ಹುಳುವಿಗೆ 24ರ ಆಸುಪಾಸು ಇರಬೇಕು ಎಂಬುದು ರೇಷ್ಮೆ ರೈತರಿಗೆ ಬಾಯಿಪಾಠ. ಕಾರ್ತಿಕದ ರಾತ್ರಿ ಅದು ಎರಡು ಗೆರೆ ಇಳಿದರೂ ಹಾಸಿಗೆಯಿಂದ ಎದ್ದು ಹೋಗಿ ಹೀಟರ್ ಹಾಕುತ್ತಾರೆ. ಅದೇ ಮನೆಯ ಪಕ್ಕದ ಕೋಣೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಕಂಬಳಿಯೊಳಗೆ ಮುದುಡಿ ಮಲಗಿರುತ್ತಾರೆ. ಆ ಕೋಣೆ ಎಷ್ಟು ತಣ್ಣಗಿದೆ ಎಂದು ಯಾರೂ ಅಳೆದಿರುವುದಿಲ್ಲ. ನಮ್ಮ ಮನೆಯಲ್ಲೂ ಬಹಳ ವರ್ಷ ಹೀಗೆಯೇ ನಡೆಯಿತು.

ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪಕ್ಕದಲ್ಲೇ 1,478 ಮೀಟರಿನ ನಂದಿಬೆಟ್ಟ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರಗಳಲ್ಲಿ ಬೆಳಗಿನ ಜಾವದ ಉಷ್ಣಾಂಶ 15 ಡಿಗ್ರಿಯ ಹತ್ತಿರಕ್ಕೆ ಇಳಿಯುವುದು ಇಲ್ಲಿ ಮಾಮೂಲು, ಕೆಲವು ವರ್ಷ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಹಿಮ ಬೀಳುವ ಊರಿನವರಿಗೆ ಇದು ಚಳಿಯೇ ಅಲ್ಲ. ಆದರೆ ಅವರ ಮನೆಗಳನ್ನು ಚಳಿಗಾಗಿಯೇ ಕಟ್ಟಿರುತ್ತಾರೆ. ನಮ್ಮ ಮನೆಗಳನ್ನು ಬೇಸಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದೇವೆ: ಕಲ್ಲಿನ ಗೋಡೆ, ಚಪ್ಪಡಿ ಅಥವಾ ಆರ್‌ಸಿಸಿ ಮೇಲ್ಛಾವಣಿ, ಬರಿಗಾಲಿಗೆ ತಣ್ಣಗೆ ತಾಗುವ ನೆಲ, ಎಂದೂ ಪೂರ್ತಿ ಮುಚ್ಚದ ಗವಾಕ್ಷಿ. ಆದ್ದರಿಂದ ಹೀಟರ್ ಬೇಕೇ, ಬೇಕಾದರೆ ಎಂದಿನಿಂದ ಎಂಬ ಪ್ರಶ್ನೆಗೆ ದೀಪಾವಳಿ ಮುಗಿಯುವುದರೊಳಗೆ ಉತ್ತರ ಕಂಡುಕೊಳ್ಳುವುದು ಒಳ್ಳೆಯದು.

ಮೊದಲ ಹೆಜ್ಜೆ: ಮೈಯನ್ನು ನಂಬಬೇಡಿ, ಗೋಡೆಗೆ ಥರ್ಮಾಮೀಟರ್ ಹಾಕಿ

ಹೊರಗೆ ಓಡಾಡಿ ಬಂದ ಮಗನಿಗೆ ಸೆಕೆ, ಬೆಳಿಗ್ಗೆಯಿಂದ ಕುಳಿತೇ ಇರುವ ತಾಯಿಗೆ ನಡುಕ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇನ್ನೂ ಚಿಂತೆಯ ಸಂಗತಿಯೆಂದರೆ, ವಯಸ್ಸಾದಂತೆ ಚಳಿಯನ್ನು ಗುರುತಿಸುವ ಶಕ್ತಿಯೇ ಮಂದವಾಗುತ್ತದೆ. ‘ನನಗೇನೂ ಚಳಿ ಇಲ್ಲಪ್ಪ’ ಎಂದು ಅಜ್ಜಿ ಹೇಳಿದರೂ ಅವರ ಪಾದ ಮಂಜುಗಡ್ಡೆಯಂತಿರಬಹುದು.

ಕೋಣೆಯ ಉಷ್ಣಾಂಶ ತೋರಿಸುವ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯ ಕನಿಷ್ಠ ಅಂಕಿಯನ್ನು ನೆನಪಿಟ್ಟುಕೊಳ್ಳುವ ಡಿಜಿಟಲ್ ಮಾದರಿಯಾದರೆ ಇನ್ನೂ ಅನುಕೂಲ. ಮನೆಯಲ್ಲಿ ಅತಿ ಹೆಚ್ಚು ಚಳಿ ತಾಗುವ ವ್ಯಕ್ತಿ ಯಾರು ಎಂದು ಯೋಚಿಸಿ, ಅವರ ಮಂಚದ ಎತ್ತರಕ್ಕೆ ಒಳಗೋಡೆಗೆ ಅದನ್ನು ತೂಗುಹಾಕಿ. ಕಿಟಕಿ, ಬಿಸಿಲು ಬೀಳುವ ಜಾಗ, ಫ್ರಿಜ್ಜಿನ ಪಕ್ಕ ಬೇಡ. ಮೊಬೈಲ್ ತೋರಿಸುವ ಉಷ್ಣಾಂಶ ಹೊರಗಿನದು, ಕೋಣೆಯ ಲೆಕ್ಕಕ್ಕೆ ಅದು ಬಾರದು.

ಒಂದು ವಾರ ದಿನಕ್ಕೆ ಎರಡು ಸಲ ಬರೆದಿಡಿ: ಮಲಗುವ ಮುನ್ನ ಒಮ್ಮೆ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಒಮ್ಮೆ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲೇ ಬರೆದರೆ ಮರೆಯುವುದಿಲ್ಲ. ಚಳಿ ಅತಿ ಹೆಚ್ಚಾಗುವುದು ನಡುರಾತ್ರಿ ಅಲ್ಲ, ಸೂರ್ಯ ಮೂಡುವ ಹೊತ್ತಿನ ಆಸುಪಾಸಿನಲ್ಲಿ. ಹಾಗಾಗಿ ಬೆಳಗಿನ ಅಂಕಿಯೇ ಮುಖ್ಯ.

ಎರಡನೆಯದು: ನಿಮ್ಮ ಮನೆಯ ಗೋಡೆಯ ಗುಣ ತಿಳಿಯಿರಿ

ನಮ್ಮ ಕಡೆಯ ಕಲ್ಲು ಮನೆ ಹಗಲಿನ ಬಿಸಿಲನ್ನು ಕುಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ಅದಕ್ಕೇ ಜನವರಿಯ ಶುಭ್ರ ರಾತ್ರಿಯಲ್ಲಿ ಹೊರಗೆ ಹಲ್ಲು ಕಟಕಟಿಸಿದರೂ ಒಳಗೆ ಅಷ್ಟಾಗಿ ತಿಳಿಯುವುದಿಲ್ಲ. ಎಲ್ಲರೂ ಸಂಕ್ರಾಂತಿಯ ಚಳಿಗೆ ಹೆದರುತ್ತಾರೆ. ನನ್ನ ಅನುಭವದಲ್ಲಿ ವಯಸ್ಸಾದವರನ್ನು ಹೆಚ್ಚು ಕಾಡುವುದು ನವೆಂಬರಿನ ಜಡಿಮಳೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಮೂರು ದಿನ ಸೂರ್ಯ ಕಾಣದಿದ್ದರೆ ಗೋಡೆಗೆ ಬಿಸಿಲಿನ ಊಟವೇ ಇಲ್ಲ. ಹಗಲೂ ತಣ್ಣಗೆ, ಬಟ್ಟೆ ಒಣಗುವುದಿಲ್ಲ, ಹಾಸಿಗೆಗೂ ತೇವ. ಮಳೆ ನಿಂತು ಮೋಡ ಸರಿದ ಮೊದಲ ರಾತ್ರಿ ಇನ್ನೂ ಕಷ್ಟದ್ದು. ಮೋಡದ ಹೊದಿಕೆ ಇಲ್ಲದ್ದರಿಂದ ನೆಲದ ಶಾಖ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಅಂಥ ವಾರದಲ್ಲಿ ಥರ್ಮಾಮೀಟರನ್ನು ಹಗಲಿನಲ್ಲೂ ನೋಡಿ.

ಶೀಟಿನ ಮನೆಗೆ ಈ ಲೆಕ್ಕ ಹೊಂದುವುದಿಲ್ಲ. ಶೀಟು ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಅಲ್ಲಿ ಒಳಗಿನ ಚಳಿ ಹೊರಗಿನದಕ್ಕೆ ಹೆಚ್ಚುಕಡಿಮೆ ಸಮ.

ಮೂರನೆಯದು: ಕರೆಂಟ್ ಇಲ್ಲದೆ ಸಿಗುವ ಎರಡು ಡಿಗ್ರಿ

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ನಮ್ಮ ಊರಿನಲ್ಲಿ ನಡುಹಗಲಿಗೂ ಸೂರ್ಯ ನೆತ್ತಿಗೆ ಬರುವುದಿಲ್ಲ, ದಿಗಂತದಿಂದ 53 ಡಿಗ್ರಿಯಷ್ಟೇ ಏರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಬೀಳುತ್ತದೆ. ಹತ್ತು ಗಂಟೆಗೆ ಆ ಪರದೆ ಸರಿಸಿ, ಸಂಜೆ ಐದಕ್ಕೆ ಕಿಟಕಿ ಮುಚ್ಚಿ. ಕತ್ತಲಾದ ಮೇಲೆ ಮುಚ್ಚುವವರೇ ಹೆಚ್ಚು. ಅಷ್ಟರಲ್ಲಿ ಗಳಿಸಿದ್ದೆಲ್ಲ ಹೊರಗೆ ಹೋಗಿರುತ್ತದೆ. ಅಜ್ಜಿಯ ಮಂಚವನ್ನು ಹೊರಗೋಡೆಯಿಂದ ಒಂದು ಅಡಿ ಒಳಕ್ಕೆ ಎಳೆಯಿರಿ. ಮಂಚದ ಪಕ್ಕ ಕಾಲಿಡುವ ಕಡೆ ಒಂದು ಜಮಖಾನ ಹಾಸಿ. ಹಾಸಿಗೆಯ ಕೆಳಗೂ ಒಂದು ಕಂಬಳಿ ಇರಲಿ. ಮೇಲೆ ಮೂರು ಹೊದ್ದು ಕೆಳಗೆ ಏನೂ ಇಲ್ಲದಿದ್ದರೆ ಬೆನ್ನಿಗೆ ಚಳಿ ಏರುತ್ತದೆ. ಟೋಪಿ, ಕಾಲುಚೀಲ, ಸ್ವೆಟರಿನ ಮಾತು ಎಲ್ಲರಿಗೂ ಗೊತ್ತಿದೆ.

ಇಷ್ಟು ಮಾಡಿ ಎರಡು ರಾತ್ರಿ ಮತ್ತೆ ಅಳೆಯಿರಿ. ಎಷ್ಟೋ ಮನೆಗಳಲ್ಲಿ ಹೀಟರಿನ ಅಗತ್ಯ ಇಲ್ಲೇ ಮುಗಿಯುತ್ತದೆ.

ನಾಲ್ಕನೆಯದು: ತೀರ್ಮಾನ

ಚಳಿಯ ಪ್ರದೇಶಗಳ ಮನೆಗಳ ಒಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ವಸತಿ ಮತ್ತು ಆರೋಗ್ಯ ಮಾರ್ಗಸೂಚಿಯಲ್ಲಿ ಹೇಳಿದೆ. ನಾನು ಅದನ್ನೇ ಗೆರೆಯಾಗಿ ಇಟ್ಟುಕೊಂಡಿದ್ದೇನೆ. ಬೆಳಗಿನ ಅಂಕಿ 20ಕ್ಕಿಂತ ಮೇಲಿದ್ದರೆ ಗಟ್ಟಿಮುಟ್ಟಾದವರಿಗೆ ಹೀಟರ್ ಬೇಡ. 18ರಿಂದ 20ರ ನಡುವೆ ಬಟ್ಟೆ, ಹೊದಿಕೆ, ಕಿಟಕಿ ಸಾಕು. ಸತತ ಮೂರು ಬೆಳಿಗ್ಗೆ 18ಕ್ಕಿಂತ ಕೆಳಗೆ ಬಂದರೆ ಆ ಸಂಜೆಯಿಂದ ಹೀಟರ್ ಹಾಕಿ. ಒಂದೇ ದಿನದ ಇಳಿತಕ್ಕೆ ಅವಸರ ಬೇಡ, ಮರುದಿನದ ಬಿಸಿಲಿಗೆ ಗೋಡೆ ಚೇತರಿಸಿಕೊಳ್ಳುತ್ತದೆ.

ಮೂರು ದಿನ ಕಾಯಬಾರದ ಮನೆಗಳೂ ಇವೆ. ಉಬ್ಬಸ, ಹೃದಯದ ತೊಂದರೆ, ಅಧಿಕ ರಕ್ತದೊತ್ತಡ ಇರುವವರಿದ್ದರೆ ಮೊದಲ ದಿನವೇ ಹಾಕಿ. ಚಳಿಗೆ ರಕ್ತನಾಳ ಕುಗ್ಗಿ ರಕ್ತದೊತ್ತಡ ಏರುತ್ತದೆ. ಧನುರ್ಮಾಸದಲ್ಲಿ ನಸುಕಿಗೇ ಎದ್ದು ಸ್ನಾನ ಮಾಡುವ ಹಿರಿಯರ ವಿಷಯದಲ್ಲಿ ನನಗೆ ನಿಜಕ್ಕೂ ಭಯ. ಬಿಸಿನೀರಿನ ಬಚ್ಚಲಿನಿಂದ ತಣ್ಣನೆಯ ಕೋಣೆಗೆ ಒದ್ದೆ ಮೈಯಲ್ಲಿ ಬರುವ ಆ ಎರಡು ನಿಮಿಷವೇ ಅಪಾಯದ್ದು. ದೇವರ ಪೂಜೆಯನ್ನು ತಪ್ಪಿಸಬೇಕೆಂದಲ್ಲ. ಅವರು ಬಟ್ಟೆ ಬದಲಿಸುವ ಕೋಣೆಗೆ ಹದಿನೈದು ನಿಮಿಷ ಮೊದಲೇ ಹೀಟರ್ ಹಾಕಿಡಿ, ಚಳಿಯ ದಿನಗಳಲ್ಲಿ ಈ ಒಂದು ಕೆಲಸ ತಪ್ಪಬಾರದು.

ಹಸುಗೂಸಿಗೆ 18 ಸಾಲದು, ಇನ್ನೂ ಬೆಚ್ಚಗಿನ ಕೋಣೆ ಬೇಕು. ಮಗುವಿನ ಕೈಕಾಲು ಮುಟ್ಟಿ ನಿರ್ಧರಿಸಬೇಡಿ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಹೊದಿಕೆ ಹೆಚ್ಚಾಗಿದೆ. ತಿಂಗಳು ತುಂಬದೆ ಹುಟ್ಟಿದ ಮಗುವಾದರೆ ವೈದ್ಯರು ಹೇಳಿದಂತೆಯೇ ನಡೆಯಿರಿ.

ಕೆಂಡದ ಬಾಂಡಲಿ ಬೇಡವೇ ಬೇಡ

ನಮ್ಮ ತಂಗಿಯ ಬಾಣಂತನದಲ್ಲಿ ಅಮ್ಮ ಬಾಂಡಲಿಯ ತುಂಬ ಇದ್ದಿಲ ಕೆಂಡ ಮಾಡಿ ಮಂಚದ ಕೆಳಗೆ ಇಡುತ್ತಿದ್ದರು. ಹೊಗೆ ಪೂರ್ತಿ ಹೋದ ಮೇಲೆಯೇ ಒಳಗೆ ತರುತ್ತಿದ್ದರು, ಗಾಳಿ ತಾಗದಂತೆ ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತಿದ್ದರು. ಒಂದು ಬೆಳಿಗ್ಗೆ ತಂಗಿಗೆ ತಲೆ ಸಿಡಿಯುವಷ್ಟು ನೋವು, ವಾಂತಿ, ಎದ್ದು ನಿಲ್ಲಲು ಆಗುತ್ತಿಲ್ಲ. ಪಿತ್ತ ಇರಬೇಕು ಎಂದು ನಾವು ನಿಂಬೆ ಶರಬತ್ತು ಮಾಡಲು ಹೊರಟಿದ್ದೆವು. ಪಕ್ಕದ ಮನೆಯ ದಾದಿ ಬಾಂಡಲಿ ಕಂಡವರೇ ಬಾಗಿಲು, ಕಿಟಕಿ ಎಲ್ಲ ತೆರೆದು ತಾಯಿ, ಮಗುವನ್ನು ಹೊರಗೆ ಕರೆದುಕೊಂಡು ಬಂದರು, ಆಸ್ಪತ್ರೆಗೂ ಕಳಿಸಿದರು. ಇಬ್ಬರೂ ಉಳಿದರು. ಆ ಬೆಳಿಗ್ಗೆ ಅವರು ಬಾರದೇ ಹೋಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ನಿಂತಿತೆಂದರೆ ವಿಷ ನಿಂತಿತು ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಅದು ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ನಿದ್ದೆಯಲ್ಲಿದ್ದವರಿಗೆ ಆ ಎಚ್ಚರಿಕೆಯೂ ಸಿಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ, ಗ್ಯಾಸ್ ಒಲೆ, ಸೀಮೆಎಣ್ಣೆ ಸ್ಟೌ ಯಾವುದೂ ಕೂಡದು. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಇದೇ ಸಾಲಿಗೆ ಸೇರುತ್ತದೆ. ಹುಳು ಮನೆಗೆ ಕೆಂಡ ಇಡುವ ರೈತರೂ ಅಲ್ಲೇ ಚಾಪೆ ಹಾಸಿ ಮಲಗಬೇಡಿ.

ಐದನೆಯದು: ಹೀಟರನ್ನು ಹಾಕುವ ಕ್ರಮ

ಕಳೆದ ವರ್ಷದ ಹೀಟರ್ ಅಟ್ಟದ ಮೇಲಿದ್ದರೆ ಚಳಿ ಹಿಡಿಯುವ ಮೊದಲೇ ಇಳಿಸಿ, ಧೂಳು ಒರೆಸಿ, ಹಗಲು ಹೊತ್ತಿನಲ್ಲಿ ಕಿಟಕಿ ತೆರೆದು ಹತ್ತು ನಿಮಿಷ ಹಾಕಿ ನೋಡಿ. ಧೂಳು ಸುಟ್ಟ ವಾಸನೆ ಸ್ವಲ್ಪ ಹೊತ್ತಿಗೆ ಹೋಗಬೇಕು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ, ತಂತಿ ಅಥವಾ ಪ್ಲಗ್ ಮುಟ್ಟಿದಾಗ ಬಿಸಿ ಇದ್ದರೆ ಎಲೆಕ್ಟ್ರಿಷಿಯನ್‌ಗೆ ತೋರಿಸದೆ ಬಳಸಬೇಡಿ.

2,000 ವಾಟಿನ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಅಡಾಪ್ಟರ್ ಹಾಕಿ ಅದಕ್ಕೆ ಜೋಡಿಸುವುದು, ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಎಳೆಯುವುದು ಎರಡೂ ಬೆಂಕಿಗೆ ಆಹ್ವಾನ. ಗೀಸರಿಗೆ ಹಾಕಿಸಿದಂಥ 16 ಆಂಪಿಯರಿನ ಪವರ್ ಪಾಯಿಂಟೇ ಬೇಕು, ಅರ್ಥಿಂಗ್ ಸರಿ ಇರಬೇಕು. ಹೊಸದು ಕೊಳ್ಳುವವರು ಐಎಸ್‌ಐ ಗುರುತು ನೋಡಿ. ಉರುಳಿ ಬಿದ್ದರೆ ತಾನೇ ನಿಲ್ಲುವ, ಥರ್ಮೋಸ್ಟಾಟ್ ಇರುವ ಮಾದರಿ ಆರಿಸಿ. ಕೆಂಪಗೆ ಕಾಯುವ ಸರಳಿನ ಹೀಟರ್ ಅಗ್ಗ, ಎದುರು ಕುಳಿತವರಿಗೆ ತಕ್ಷಣ ಬಿಸಿ. ಫ್ಯಾನ್ ಹೀಟರ್ ಕೋಣೆಯನ್ನು ಬೇಗ ಕಾಯಿಸುತ್ತದೆ, ಸದ್ದು ಮಾಡುತ್ತದೆ. ಎಣ್ಣೆ ತುಂಬಿದ ರೇಡಿಯೇಟರ್ ನಿಧಾನ, ದುಬಾರಿ, ಆದರೆ ಮಕ್ಕಳು ಮತ್ತು ಹಿರಿಯರ ಕೋಣೆಗೆ ನಾನು ಅದನ್ನೇ ಹೇಳುತ್ತೇನೆ. ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಉಳಿಸಿಕೊಳ್ಳುತ್ತದೆ, ಸೀರೆಯ ಸೆರಗು ತಾಗಿದರೆ ಹೊತ್ತಿಕೊಳ್ಳುವಂಥ ಕೆಂಪು ಸರಳು ಅದರಲ್ಲಿಲ್ಲ.

ಯಾವುದೇ ಹೀಟರಿಗೂ ಹಾಸಿಗೆ, ಪರದೆ, ಬಟ್ಟೆಗಳಿಂದ ಕನಿಷ್ಠ ಮೂರು ಅಡಿ ದೂರ ಇರಲಿ. ಜಡಿಮಳೆಯಲ್ಲಿ ಮಗುವಿನ ಬಟ್ಟೆಯನ್ನು ಅದರ ಮೇಲೆ ಒಣಹಾಕುವ ಆಸೆ ಎಲ್ಲರಿಗೂ ಬರುತ್ತದೆ, ದಯವಿಟ್ಟು ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಕಾಲನ್ನು ಹೀಟರಿನ ಹತ್ತಿರ ಚಾಚಬಾರದು. ಸುಟ್ಟಿದ್ದು ಅವರಿಗೆ ತಿಳಿಯುವುದೇ ಇಲ್ಲ. ವಿದ್ಯುತ್ ಹೀಟರ್ ಆಮ್ಲಜನಕವನ್ನು ತಿಂದುಹಾಕುತ್ತದೆ ಎಂಬ ಮಾತು ಸರಿಯಲ್ಲ. ಗಾಳಿ ಕಾದಾಗ ಅದರ ಒಣತನ ಹೆಚ್ಚಿ ಗಂಟಲು ಕೆರೆಯುತ್ತದೆ, ಅಷ್ಟೇ.

ಮಲಗುವ ಒಂದು ಗಂಟೆ ಮೊದಲು ಬಾಗಿಲು ಮುಂದಕ್ಕೆ ಮಾಡಿ ಹೀಟರ್ ಹಾಕಿ. ಕೋಣೆ 20, 21 ಮುಟ್ಟಿದಾಗ ಆರಿಸಿ, ಪ್ಲಗ್ಗನ್ನೂ ಕೀಳಿ. ಕರೆಂಟ್ ಹೋದಾಗ ಸ್ವಿಚ್ ಆರಿಸದೆ ಎದ್ದು ಹೋದರೆ, ನಡುರಾತ್ರಿ ಕರೆಂಟ್ ಬಂದಾಗ ಅದು ಯಾರ ಕಾವಲೂ ಇಲ್ಲದೆ ಉರಿಯುತ್ತದೆ. ನಸುಕಿನಲ್ಲಿ ಬೇಕೆನಿಸಿದರೆ ಎಚ್ಚರ ಇರುವವರು ಎದ್ದು ಇನ್ನರ್ಧ ಗಂಟೆ ಹಾಕಲಿ.

ಬಿಲ್ಲಿನ ಲೆಕ್ಕ

2,000 ವಾಟ್ ಒಂದು ಗಂಟೆ ಉರಿದರೆ 2 ಯೂನಿಟ್. ದಿನಕ್ಕೆ ಒಂದೂವರೆ ಗಂಟೆಯಾದರೆ 3 ಯೂನಿಟ್, ತಿಂಗಳಿಗೆ 90. ಗೃಹಜ್ಯೋತಿ ಪಡೆಯುತ್ತಿರುವ ಮನೆಯವರು ಬೆಸ್ಕಾಂ ಬಿಲ್ಲಿನಲ್ಲಿ ತಮ್ಮ ಅರ್ಹ ಯೂನಿಟ್ ಎಷ್ಟೆಂದು ನೋಡಿಕೊಳ್ಳಿ. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಒಂದೇ ಕೋಣೆಯನ್ನು ಬೆಚ್ಚಗಿಟ್ಟು ಅಜ್ಜಿ, ಮೊಮ್ಮಕ್ಕಳು ಅಲ್ಲೇ ಮಲಗಿದರೆ 1,000 ವಾಟಿನಲ್ಲೇ ಸಾಗಬಹುದು.

ಯಾವಾಗ ನಿಲ್ಲಿಸುವುದು?

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತಾ ಹೊರಟುಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಮನೆಯ ಕ್ಯಾಲೆಂಡರಿನ ಅಂಕಿಗಳು ಅದಕ್ಕೂ ಮೊದಲೇ, ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿ ಕಡಿಮೆಯಾಗುವ ಹೊತ್ತಿಗೆ, 20ರ ಮೇಲೆ ನಿಲ್ಲುತ್ತವೆ. ಸತತ ಒಂದು ವಾರ ಹಾಗೆ ನಿಂತರೆ ಹೀಟರಿನ ಧೂಳು ಒರೆಸಿ, ತಂತಿಯನ್ನು ಮಡಚದೆ ಸಡಿಲವಾಗಿ ಸುತ್ತಿ, ಬಟ್ಟೆ ಮುಚ್ಚಿ ಅಟ್ಟಕ್ಕೆ ಏರಿಸಿ. ಥರ್ಮಾಮೀಟರ್ ಮಾತ್ರ ಅಜ್ಜಿಯ ಮಂಚದ ಪಕ್ಕದಲ್ಲೇ ಇರಲಿ. ಏಪ್ರಿಲ್ಲಿನ ಮಧ್ಯಾಹ್ನ ಆ ಕೋಣೆ ಎಷ್ಟು ಕಾಯುತ್ತದೆ ಎಂಬುದನ್ನೂ ನೋಡಬೇಕಾಗುತ್ತದೆ.